ಸುವರ್ಣಾ ಸಿಸ್ಟರ್ ಕಂಡ ಮೊದಲ ಹಿಮ

ನೇಮಕಾತಿಯ ಪತ್ರ ತೆರೆದವಳೇ ಸುವರ್ಣಾ ಊರಿನ ಹೆಸರು ಹುಡುಕಿದಳು. ಶಿಮ್ಲಾ ಎಂದಿತ್ತು. ಮೊಬೈಲಿನಲ್ಲಿ ಅಲ್ಲಿಯ ಹವೆ ನೋಡಿದಳು. ಕರಜಗಿಯಲ್ಲಿ ಸೆಪ್ಟೆಂಬರಿನ ಬಿಸಿಲಿಗೆ ಆರೋಗ್ಯ ಕೇಂದ್ರದ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದರೆ ಅಲ್ಲಿ ಹದಿನಾಲ್ಕು ಡಿಗ್ರಿ. ಜನವರಿಯಲ್ಲಿ ಎಷ್ಟಿರುತ್ತದೆಂದು ಹುಡುಕಿದಾಗ ಅಂಕಿಯ ಎಡಕ್ಕೆ ಒಂದು ಅಡ್ಡಗೆರೆ ಕಂಡಿತು. ಅದು ಮೈನಸ್ ಎಂದು ತಿಳಿಯಲು ಒಂದು ಕ್ಷಣ ಹಿಡಿಯಿತು.

ಅವಳಿಗಾಗ ಮೂವತ್ಮೂರು ವರ್ಷ. ಅಫಜಲಪುರ ತಾಲೂಕಿನ ಆ ಕೇಂದ್ರದಲ್ಲಿ ಎಂಟು ವರ್ಷದಿಂದ ಗುತ್ತಿಗೆಯ ನರ್ಸು. ಸುತ್ತಲಿನ ಹಳ್ಳಿಗಳ ಅರ್ಧ ಕೂಸುಗಳು ಅವಳ ಕೈಯಲ್ಲೇ ಹುಟ್ಟಿದ್ದವು. ಆದರೂ ಪ್ರತಿ ಮಾರ್ಚ್ ಬಂತೆಂದರೆ ಮುಂದಿನ ವರ್ಷದ ಆದೇಶ ಬರುತ್ತದೋ ಇಲ್ಲವೋ ಎಂದು ಊಟ ಸೇರುತ್ತಿರಲಿಲ್ಲ. ಕೇಂದ್ರ ಸರ್ಕಾರದ ಪರೀಕ್ಷೆಗೆ ವಯಸ್ಸಿನ ಲೆಕ್ಕದಲ್ಲಿ ಇದೇ ಕಡೆಯ ಅವಕಾಶವಾಗಿತ್ತು. ಹೈದರಾಬಾದು ಸಿಕ್ಕೀತು, ಹೆಚ್ಚೆಂದರೆ ನಾಗಪುರ ಎಂದುಕೊಂಡಿದ್ದಳು.

ಎರಡು ದಿನ ಮನೆಯಲ್ಲಿ ಬಾಯಿಬಿಡಲಿಲ್ಲ. ಕೇಂದ್ರದ ಆಯಾ ಖಾಸೀಂಬಿಗೆ ಮಾತ್ರ ಹೇಳಿದಳು.

"ಪರ್ಮನೆಂಟ್ ಅದ ಅಲ್ರಿ ಸಿಸ್ಟರ್?" ಎಂದಳು ಖಾಸೀಂಬಿ. "ಮತ್ತ ಏನ್ ವಿಚಾರ ಮಾಡಾಕತ್ತೀರಿ? ಥಂಡಿಗಿ ಕೌದಿ ಅದಾವ. ಮಾರ್ಚಿಗಿ ಏನದ?"

ಮೂರನೆಯ ದಿನ ಊಟದ ಹೊತ್ತಿಗೆ ಗಂಡ ಗುರುಶಾಂತನ ಮುಂದೆ ಪತ್ರ ಇಟ್ಟಳು. ಭೀಮಾ ನದಿಯ ದಂಡೆಯಲ್ಲಿ ಅವನಿಗೆ ಐದೆಕರೆ ಕಬ್ಬು. ಕಟಾವು ಮುಗಿಯುವತನಕ, ಅಂದರೆ ಫೆಬ್ರವರಿಯವರೆಗೆ, ಅವನು ಊರು ಬಿಡುವಂತಿರಲಿಲ್ಲ. ಅವನು ಪತ್ರವನ್ನು ಎರಡು ಸಲ ಓದಿ ಮಡಚಿದ.

"ಬ್ಯಾಡ ಅಂದ್ರ ನಾಳಿ ನನ್ನನ್ನs ಬೈತಿ. ಹೋಗು ಅಂದ್ರ ಕೂಸಿನ ಗತಿ ಏನು?"

ಕೂಸು ಎಂದರೆ ಐದು ವರ್ಷದ ಅಮೃತ. ಅದಕ್ಕೆ ಉತ್ತರ ಬಂದದ್ದು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದ ಅತ್ತೆ ಸಕ್ಕುಬಾಯಿಯಿಂದ.

"ಕೂಸಿಗಿ ನಾ ಅದೀನಿ. ನಾ ಬರ್ತೇನಿ ಅಕಿ ಸಂಗಡ."

"ಎಲ್ಲಿಗಂತ ಗೊತ್ತದೇನವ್ವ ನಿನಗ? ಮೂರು ದಿನದ ಹಾದಿ ಅದ."

"ಅಲ್ಲೂ ಮನಷ್ಯಾರs ಇರ್ತಾರಲ್ಲ?"

ಸಕ್ಕುಬಾಯಿಗೆ ಅರವತ್ತೊಂದು. ಮೊಣಕಾಲು ನೋವು ಬೇರೆ. ಉತ್ತರಕ್ಕೆ ಸೋಲಾಪುರ ದಾಟಿ ಅವಳು ಹೋದದ್ದೇ ಇಲ್ಲ. ಅತ್ತೆ ಮಾತು ಕೊಟ್ಟ ಮೇಲೆ ಸುವರ್ಣಾಳ ಎದೆಯ ಭಾರ ಇಳಿಯಬೇಕಿತ್ತು, ಇನ್ನಷ್ಟು ಹೆಚ್ಚಿತು. ತಾನೊಬ್ಬಳೇ ಹೋಗಿದ್ದರೆ ತನ್ನ ಕಷ್ಟ ತನಗೆ. ಈಗ ಮುದುಕಿಯ ಮೊಣಕಾಲು, ಕೂಸಿನ ಕೆಮ್ಮು ಎಲ್ಲವೂ ತನ್ನ ತಲೆಯ ಮೇಲೆ.

ಅಕ್ಟೋಬರಿನಲ್ಲಿ ಮೂವರೂ ಹೊರಟರು. ಇಪ್ಪತ್ತು ಕಿಲೋ ಜೋಳದ ಹಿಟ್ಟು, ಶೇಂಗಾ ಹಿಂಡಿಯ ಡಬ್ಬಿ, ಖಾಸೀಂಬಿ ಹಳೆಯ ಸೀರೆಗಳಿಂದ ಹೊಲಿದುಕೊಟ್ಟ ದಪ್ಪ ಕೌದಿ. ಕಲಬುರಗಿಯಿಂದ ದಿಲ್ಲಿಗೆ ರೈಲು, ದಿಲ್ಲಿಯಿಂದ ಬಸ್ಸು. ಗುಡ್ಡದ ತಿರುವುಗಳಲ್ಲಿ ಅಮೃತ ನಾಲ್ಕು ಸಲ ವಾಂತಿ ಮಾಡಿಕೊಂಡಳು. ಸಕ್ಕುಬಾಯಿ ಕಿಟಕಿಯ ಹೊರಗಿನ ಪ್ರಪಾತ ನೋಡಬಾರದೆಂದು ಕಣ್ಣು ಮುಚ್ಚಿ ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಿದ್ದಳು.

ಶಿಮ್ಲಾದಲ್ಲಿ ಸಿಕ್ಕ ಮನೆಯೆಂದರೆ ಒಂದು ಕೋಣೆ, ಅದಕ್ಕೆ ಅಂಟಿದ ಒಲೆಕಟ್ಟೆ, ಮುಂದೊಂದು ಚಿಕ್ಕ ವರಾಂಡ. ರಸ್ತೆಯಿಂದ ನೂರಾ ಹದಿನೆಂಟು ಮೆಟ್ಟಿಲು ಕೆಳಗೆ. ಮೊದಲ ದಿನ ಇಳಿದ ಸಕ್ಕುಬಾಯಿ ಮತ್ತೆ ಹತ್ತುವ ಮಾತೆತ್ತಲಿಲ್ಲ. ಬಾಡಿಗೆ ಎಷ್ಟೆಂದು ಗುರುಶಾಂತ ಫೋನಿನಲ್ಲಿ ಎರಡು ಸಲ ಹೇಳಿಸಿಕೊಂಡ. ಅಷ್ಟಕ್ಕೆ ಅಫಜಲಪುರದಲ್ಲಿ ಅಂಗಳವಿರುವ ಮನೆ ಸಿಗುತ್ತಿತ್ತು. ಸ್ವೆಟರು, ಬೂಟು, ರಜಾಯಿ, ಕರೆಂಟಿನ ಹೀಟರು ಎಂದು ಮೊದಲ ಸಂಬಳ ಕೈಗೆ ಹತ್ತಲೇ ಇಲ್ಲ.

ಎಂಟು ವರ್ಷ ಖಾಸೀಂಬಿಯ ಮನೆಯವರ ಜೊತೆ ಒಡನಾಡಿದ ಸುವರ್ಣಾಗೆ ಹಿಂದಿ ಬರುತ್ತದೆಂಬ ಧೈರ್ಯವಿತ್ತು. ವಾರ್ಡಿನಲ್ಲಿ ಮೊದಲ ದಿನವೇ ಯಾಕೆ ಎದ್ದಿರಿ ಎನ್ನಲು "ಕೈಕು ಉಠೇ?" ಎಂದು ಕೇಳಿದಾಗ ರೋಗಿಯೂ ನಕ್ಕ, ಅವನ ಪಕ್ಕದವನೂ ನಕ್ಕ. ಕಲಬುರಗಿಯ ಕಡೆಯ ಆ ಹಿಂದಿ ಅಲ್ಲಿ ಯಾರೂ ಆಡುತ್ತಿರಲಿಲ್ಲ. ಅಂದಿನಿಂದ ಪ್ರತಿ ವಾಕ್ಯವನ್ನೂ ಬಾಯೊಳಗೆ ಒಮ್ಮೆ ಜೋಡಿಸಿಕೊಂಡು ಮಾತಾಡತೊಡಗಿದಳು. ಅಮೃತ ಶಾಲೆಗೆ ಸೇರಿದ ಮೇಲೆ ಮೂರು ವಾರ ಅಲ್ಲಿ ಒಂದು ಶಬ್ದವನ್ನೂ ಆಡಲಿಲ್ಲವೆಂದು ಟೀಚರು ಹೇಳಿ ಕಳಿಸಿದರು. ಡ್ಯೂಟಿಯಲ್ಲಿರುವಾಗ ಸುವರ್ಣಾ ಎರಡೆರಡು ತಾಸಿಗೊಮ್ಮೆ ಮನೆಗೆ ಫೋನು ಮಾಡುತ್ತಿದ್ದಳು. ಉಂಡಿರೇನು, ಕೂಸು ಕೆಮ್ಮಿತೇನು, ಬಾಗಿಲು ಹಾಕಿದಿರೇನು. ಬಾಗಿಲಿನ ಚಿಂತೆ ಮಂಗಗಳಿಂದ. ಅವು ಒಮ್ಮೆ ಒಳಗೆ ನುಗ್ಗಿ ರೊಟ್ಟಿಯ ಬುಟ್ಟಿಯನ್ನೇ ಎತ್ತಿಕೊಂಡು ಹೋಗಿದ್ದವು.

ಡಿಸೆಂಬರಿನಲ್ಲಿ ಮೇಲಿನ ಮನೆಯ ಒಡತಿ ಕಾಂತಾ ನೇಗಿ ಒಂದು ಕಬ್ಬಿಣದ ಶೇಗಡಿ ಮತ್ತು ಅರ್ಧ ಚೀಲ ಇದ್ದಿಲು ತಂದುಕೊಟ್ಟಳು. ವರಾಂಡದಲ್ಲಿ ಹಚ್ಚಿ ಕೈಕಾಲು ಕಾಯಿಸಿಕೊಳ್ಳಲೆಂದು. ಅಂದು ಸುವರ್ಣಾಗೆ ಬಸ್ಸು ತಪ್ಪೀತೆಂಬ ಅವಸರ. ಬೂಟು ಹಾಕಿಕೊಳ್ಳುತ್ತಲೇ ಹೇಳಿದಳು.

"ಅತ್ತಿ, ಇದನ್ನ ಒಳಗ ತರಬ್ಯಾಡ್ರಿ. ಹೊಗಿ ಆಗ್ತದ."

"ಆಯ್ತವ್ವ," ಎಂದಳು ಸಕ್ಕುಬಾಯಿ.

ಜನವರಿಯ ಎರಡನೆಯ ವಾರ ಹಿಮ ಬಿತ್ತು. ಬೆಳಿಗ್ಗೆ ಎದ್ದಾಗ ಮೆಟ್ಟಿಲುಗಳ ಗುರುತೇ ಇರಲಿಲ್ಲ. ಅಮೃತ ಕಿಟಕಿಗೆ ಮೂಗು ಹಚ್ಚಿ ನಿಂತಿದ್ದಳು. ಶಾಲೆಗೆ ಚಳಿಗಾಲದ ರಜೆ. ಅರ್ಧ ಸಿಬ್ಬಂದಿಗೆ ಬರಲಾಗುವುದಿಲ್ಲ, ನಡೆದು ಬರುವವರು ಬೇಗ ಬನ್ನಿ ಎಂದು ಆಸ್ಪತ್ರೆಯಿಂದ ಫೋನು ಬಂತು. ಸುವರ್ಣಾ ಹೋದಳು. ಒಂಬತ್ತು ಗಂಟೆಗೆ ಮಾಡಿದ ಫೋನಿಗೆ ಅಮೃತ ಉತ್ತರ ಕೊಟ್ಟಳು.

"ಅವ್ವಾ, ಕರೆಂಟ್ ಹೋಗ್ಯಾದ. ಆಯಿ ನನ್ನ ಕಾಲು ತಿಕ್ಕಾಕತ್ತಾಳ."

ಹನ್ನೊಂದಕ್ಕೆ ಮಾಡಿದಾಗ ಯಾರೂ ಎತ್ತಲಿಲ್ಲ. ಐದು ನಿಮಿಷ ಬಿಟ್ಟು ಮತ್ತೆ ಮಾಡಿದಳು. ಫೋನು ಪೂರ್ತಿ ರಿಂಗಾಗಿ ನಿಂತಿತು. ಕಾಂತಾಳಿಗೆ ಮಾಡಿದರೆ ಅವಳ ಫೋನು ಬಂದ್ ಆಗಿತ್ತು. ಮಲಗಿರಬಹುದು ಎಂದುಕೊಂಡು ಒಬ್ಬ ರೋಗಿಗೆ ಸಲೈನು ಹಚ್ಚಿದಳು. ಕರೆಂಟಿಲ್ಲ. ಹೀಟರಿಲ್ಲ. ವರಾಂಡದಲ್ಲಿ ಶೇಗಡಿ ಇದೆ. ಈ ಮೂರೂ ಒಟ್ಟಿಗೆ ತಲೆಗೆ ಬಂದದ್ದೇ ತಡ, ಹಿರಿಯ ಸಿಸ್ಟರಿಗೆ ಹೇಳಿ ಹೊರಬಿದ್ದಳು.

ಬಸ್ಸಿರಲಿಲ್ಲ. ಎರಡೂವರೆ ಕಿಲೋಮೀಟರು ನಡೆಯಬೇಕಿತ್ತು. ಓಡಿದರೆ ಜಾರುತ್ತಿತ್ತು, ನಡೆದರೆ ಜೀವ ತಡೆಯುತ್ತಿರಲಿಲ್ಲ. ಎರಡು ಸಲ ಬಿದ್ದಳು. ದಾರಿಯುದ್ದಕ್ಕೂ ಫೋನು ಕಿವಿಗೆ ಹಿಡಿದೇ ಇದ್ದಳು. ಎತ್ತಿದರೆ ಸಾಕು, ಬೈಯುವುದಿಲ್ಲ, ಏನೂ ಅನ್ನುವುದಿಲ್ಲ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು.

ಮೆಟ್ಟಿಲಿನ ಮೇಲೆ ಕಾಂತಾ ಸಲಿಕೆಯಿಂದ ಹಿಮ ಸರಿಸುತ್ತಿದ್ದಳು. ವರಾಂಡದಲ್ಲಿ ಶೇಗಡಿ ಇರಲಿಲ್ಲ. ಅದು ಇರುತ್ತಿದ್ದ ಜಾಗದಲ್ಲಿ ಒಂದಿಷ್ಟು ಬೂದಿ ಮಾತ್ರ ಇತ್ತು. ಬಾಗಿಲಿಗೆ ಒಳಗಿನಿಂದ ಚಿಲಕ. ಬಡಿದಳು, ಕೂಗಿದಳು. ಒಳಗೆ ಫೋನು ರಿಂಗಾಗುತ್ತಲೇ ಇತ್ತು. ಮಾಡುತ್ತಿದ್ದವಳು ತಾನೇ ಎಂಬುದೂ ಅವಳಿಗೆ ಮರೆತುಹೋಗಿತ್ತು.

ಹಿಂದೆಯೇ ಇಳಿದು ಬಂದ ಕಾಂತಾಳ ಕೈಯ ಸಲಿಕೆ ಕಸಿದುಕೊಂಡು ಬಾಗಿಲ ಪಕ್ಕದ ಕಿಟಕಿಯ ಗಾಜಿಗೆ ಹೊಡೆದಳು. ಗಾಜಿನ ಹಿಂದೆ ಖಾಸೀಂಬಿ ಕೊಟ್ಟ ಕೌದಿ. ಸಂದಿಗಳಿಂದ ಗಾಳಿ ಬರದಂತೆ ಅದನ್ನು ನಾಲ್ಕೂ ಕಡೆ ತುರುಕಲಾಗಿತ್ತು. ಕೌದಿ ಎಳೆದು, ಕೈ ಹಾಕಿ ಚಿಲಕ ತೆಗೆದಳು.

ಸಕ್ಕುಬಾಯಿ ಗೋಡೆಗೊರಗಿ ಕುಳಿತಿದ್ದಳು. ಸೆರಗಿನ ಮೇಲೆ ವಾಂತಿ. ಕಣ್ಣು ತೆರೆದಿತ್ತು, ಆದರೆ ಏಳಲು ಕಾಲು ಬರುತ್ತಿರಲಿಲ್ಲ. "ತಲಿ," ಎಂದಳು, "ತಲಿ ಸುವರ್ಣಾ." ಅವಳ ತೊಡೆಯ ಮೇಲೆ ಅಮೃತ ಮಲಗಿದ್ದಳು. ಕೋಣೆಯ ನಡುವೆ ಶೇಗಡಿಯಲ್ಲಿ ಕೆಂಡ ಕೆಂಪಗೆ, ಒಂದು ಎಳೆ ಹೊಗೆಯೂ ಇಲ್ಲದೆ ಉರಿಯುತ್ತಿತ್ತು.

ಸುವರ್ಣಾ ಕೂಸನ್ನು ಎತ್ತಿ ಹಿಮದೊಳಗೆ ತಂದಳು. ಕಾಂತಾ ಮುದುಕಿಯನ್ನು ಎಳೆದು ತಂದಳು. ಕೆನ್ನೆ ತಟ್ಟಿದರೆ ಅಮೃತ ಕಣ್ಣು ಬಿಡಲಿಲ್ಲ. ಉಸಿರಿತ್ತು. ಉಸಿರಿದೆ, ಉಸಿರಿದೆ ಎಂದು ಸುವರ್ಣಾ ಜೋರಾಗಿ ಹೇಳುತ್ತಲೇ ಇದ್ದಳು, ಕನ್ನಡದಲ್ಲಿ. ಎಷ್ಟೋ ಹೊತ್ತಿನ ಮೇಲೆ ಕೂಸು ಮುಖ ಕಿವುಚಿ ಅಳತೊಡಗಿತು. ಆ ಅಳು ಕೇಳಿದ ಮೇಲೆಯೇ ಅವಳಿಗೆ ತನ್ನ ಕೈ ಗಾಜಿಗೆ ಕೊಯ್ದದ್ದು ಕಂಡಿತು.

ಸಕ್ಕುಬಾಯಿಯನ್ನು ಮೇಲಕ್ಕೆ ಹೊತ್ತವನು ರಸ್ತೆಯಲ್ಲಿ ಸಿಕ್ಕ ಕಾಶ್ಮೀರಿ ಕೂಲಿ. ಗ್ಯಾಸ್ ಸಿಲಿಂಡರು ಹೊರುವಂತೆ ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಅಷ್ಟೂ ಮೆಟ್ಟಿಲು ಹತ್ತಿದ. ಹಿಮ ತೆಗೆಯಲು ಬಂದ ಗಾಡಿಯವರು ಆಸ್ಪತ್ರೆಗೆ ಮುಟ್ಟಿಸಿದರು. ಅಲ್ಲಿ ಬೆರಳಿಗಿಟ್ಟ ಯಂತ್ರ ಕೂಸಿನ ರಕ್ತದ ಆಮ್ಲಜನಕ ತೊಂಬತ್ತೆಂಟು, ಅಂದರೆ ಸರಿಯಾಗಿಯೇ ಇದೆಯೆಂದು ತೋರಿಸಿತು. ಕೆಂಡದ ವಿಷಗಾಳಿ ರಕ್ತಕ್ಕೆ ಸೇರಿದಾಗ ಆ ಯಂತ್ರದ ಮಾತು ನಂಬುವಂತಿಲ್ಲವೆಂದು ಸುವರ್ಣಾಗೆ ಗೊತ್ತಿತ್ತು. ಡಾಕ್ಟರಿಗೂ ಗೊತ್ತಿತ್ತು. ಇಬ್ಬರಿಗೂ ಆಮ್ಲಜನಕ ಹಚ್ಚಿದರು. ಸಂಜೆಗೆ ಅಮೃತ ಬಿಸ್ಕೀಟು ಕೇಳಿದಳು. ಸಕ್ಕುಬಾಯಿಯ ತಲೆನೋವು ಇಳಿಯಲು ಎರಡು ದಿನ ಬೇಕಾಯಿತು.

ನಾಲ್ಕನೆಯ ದಿನ ಗುರುಶಾಂತ ಬಂದ. ಕಟಾವಿಗೆ ಬಂದ ಕಬ್ಬನ್ನು ಅಣ್ಣತಮ್ಮಂದಿರ ಮೇಲೆ ಬಿಟ್ಟು, ತೆಳ್ಳನೆಯ ಒಂದು ಸ್ವೆಟರಿನಲ್ಲಿ ಬಂದಿದ್ದ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಆಮೇಲೆ ಹೇಳಿದ.

"ಸಾಕು. ನಡೀರಿ ಊರಿಗಿ. ಉಪಾಸ ಏನ್ ಇರಲ್ಲ ನಾವು."

ಸುವರ್ಣಾ ಹೂಂ ಅನ್ನುವುದರಲ್ಲಿದ್ದಳು. ಆ ನಾಲ್ಕು ದಿನ ಅವಳು ಕಣ್ಣು ಮುಚ್ಚಿದಾಗಲೆಲ್ಲ ಆ ಕೌದಿ ತುರುಕಿದ ಕಿಟಕಿಯೇ ಕಾಣುತ್ತಿತ್ತು.

"ಆದದ್ದು ನನ್ನ ಕೈಯಾಗ," ಎಂದಳು ಸಕ್ಕುಬಾಯಿ. "ಅದಕ್ಕ ಅಕಿ ನೌಕರಿ ಯಾಕ ಬಿಡಬೇಕು?" ಮಗನ ಕಡೆ ತಿರುಗಿ ಮುಂದುವರಿಸಿದಳು. "ಹೊಗಿ ಆಗ್ತದ ಅಂದಿದ್ಳು. ಹೊಗಿ ಪೂರಾ ಹೋಗೋತನಕ ಹೊರಗs ಇಟ್ಟಿದ್ದೆ. ಕೆಂಡ ನಿಗಿನಿಗಿ ಆದಮ್ಯಾಲ ತಂದೆ. ಬಾಣಂತಿ ಮಂಚದ ಕೆಳಗ ಇಡ್ತಿದ್ವಲ್ಲ. ಇಕಿಗೂ ಇಟ್ಟೀನಿ, ಅಮೃತ ಹುಟ್ಟಿದಾಗ."

ಸುವರ್ಣಾ ಅತ್ತೆಯ ಮುಖ ನೋಡಿದಳು. ಕರಜಗಿಯ ಆ ಮನೆಯಲ್ಲಿ ಬಾಗಿಲು ಸದಾ ತೆರೆದೇ ಇರುತ್ತಿತ್ತು, ಮಾಳಿಗೆಯಲ್ಲಿ ಬೆಳಕಿಂಡಿ ಇತ್ತು. ಎಂಟು ವರ್ಷ ಹಳ್ಳಿಹಳ್ಳಿ ತಿರುಗಿ, ನೀರು ಯಾಕೆ ಕುದಿಸಬೇಕು, ಸೂಜಿ ಯಾಕೆ ಹಾಕಿಸಬೇಕು ಎಂದು ಮನೆಮನೆಗೂ ಕಾರಣ ಬಿಡಿಸಿ ಹೇಳಿದವಳು ತನ್ನ ಮನೆಯಲ್ಲಿ ಒಂದು ನಿಮಿಷ ನಿಂತು ಹೇಳಿರಲಿಲ್ಲ.

"ನಿಮ್ಮ ಕೈಯಾಗ ಆದದ್ದಲ್ರಿ ಅತ್ತಿ," ಎಂದಳು. "ನಾ ಹೊಗಿ ಅಂದೆ. ವಿಷ ಅನ್ಲಿಲ್ಲ."

ಗುರುಶಾಂತ ಇಬ್ಬರ ಮುಖವನ್ನೂ ನೋಡಿದ. ಮತ್ತೆ ನೌಕರಿಯ ಮಾತೆತ್ತಲಿಲ್ಲ. ಶಾಲೆ ತೆರೆಯುವತನಕ ಅವ್ವನನ್ನೂ ಮಗಳನ್ನೂ ಊರಿಗೆ ಕರೆದೊಯ್ಯುವುದೆಂದು ಆಯಿತು. ಬಸ್ಸಿನ ಕಿಟಕಿಯಲ್ಲಿ ಅಮೃತ ಅಳಲಿಲ್ಲ. ಅಳದೆ ಇದ್ದದ್ದೇ ಸುವರ್ಣಾಗೆ ಹೆಚ್ಚು ಚುಚ್ಚಿತು. ಒಂದು ತಿಂಗಳಿಗೂ ಹೆಚ್ಚು ಅವಳೊಬ್ಬಳೇ ಆ ಕೋಣೆಯಲ್ಲಿದ್ದಳು. ಹೊಸ ಗಾಜು ಹಾಕಿಸಿದಳು. ರೊಟ್ಟಿ ಬಡಿಯಲು ಮನಸ್ಸಾಗದೆ ಬ್ರೆಡ್ಡು ತಿಂದಳು. ಕರಜಗಿಯಲ್ಲಿ ಆಡಿ ಬೆಳೆದ ಕೂಸು, ಕಾಲುನೋವಿನ ಮುದುಕಿ. ಅವರು ಯಾಕಾದರೂ ತಿರುಗಿ ಬಂದಾರು? ಫೋನಿನಲ್ಲಿ ಅದನ್ನು ಕೇಳುವ ಧೈರ್ಯ ಬರಲಿಲ್ಲ. ಹವೆಯ ವಿಷಯ ಮಾತಾಡಿ ಇಟ್ಟುಬಿಡುತ್ತಿದ್ದಳು.

ಫೆಬ್ರವರಿ ಮುಗಿಯುವಾಗ ಗುರುಶಾಂತ ಇಬ್ಬರನ್ನೂ ಕರೆತಂದ. ಬಸ್ಸಿನಿಂದ ಇಳಿದ ಸಕ್ಕುಬಾಯಿ ಮೆಟ್ಟಿಲುಗಳನ್ನು ನೋಡಿ, "ಇವು ಹಂಗs ಅದಾವಲ್ಲ," ಎಂದಷ್ಟೇ ಹೇಳಿ ಒಂದೊಂದಾಗಿ ಇಳಿಯತೊಡಗಿದಳು.

ಈ ವರ್ಷ ಮೊದಲ ಹಿಮ ಬಿದ್ದ ಬೆಳಿಗ್ಗೆ ಸುವರ್ಣಾ ರಜೆ ಹೇಳಿ ಮನೆಯಲ್ಲೇ ಕುಳಿತಳು. ಶೇಗಡಿ ಕಾಂತಾಳ ಮನೆಗೆ ಮರಳಿ ವರ್ಷವಾಗಿತ್ತು. ಕರೆಂಟೂ ಇತ್ತು. ಆದರೂ ಕೋಣೆಯಲ್ಲಿ ಆಚೆ ಈಚೆ ಓಡಾಡಿದಳು, ಕಿಟಕಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಸಕ್ಕುಬಾಯಿ ಹಿಟ್ಟು ನಾದುತ್ತ ಬಹಳ ಹೊತ್ತು ನೋಡಿದಳು.

"ಡ್ಯೂಟಿಗಿ ಹೋಗಬೇ. ಹೊತ್ತೆಲ್ಲ ಹಿಂಗs ತಿರುಗಿದ್ರ ನನಗs ಅಂಜಿಕಿ ಬರ್ತದ."

"ಫೋನ್ ಹತ್ರ ಇಟ್ಕೊತೀರೇನ್ರಿ?"

"ಇಟ್ಕೊತೇನಿ."

ಹನ್ನೆರಡಕ್ಕೆ ಸುವರ್ಣಾ ಬೂಟು ಹಾಕಿಕೊಂಡಳು. ಅರ್ಧ ಮೆಟ್ಟಿಲು ಹತ್ತಿ ನಿಂತು ಒಮ್ಮೆ ಫೋನು ಮಾಡಿದಳು. ಅಮೃತ ಎತ್ತಿದಳು. ಆಮೇಲೆ ಉಳಿದ ಮೆಟ್ಟಿಲು ಹತ್ತಿದಳು.