ಬೈರಾಪಟ್ಟಣದಲ್ಲಿ ಕೂತ ನಮ್ಮ ಆಫೀಸು

ಕಳೆದ ಮಂಗಳವಾರ ಮಧ್ಯಾಹ್ನ ನನ್ನ ಬಾಮೈದ ನಾಗರಾಜ ಒಂದೂವರೆ ಗಂಟೆ ಕಾಲ ನಮ್ಮ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದ. ಕೆಲಸ ಇಷ್ಟೇ: ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಕಂಪ್ಯೂಟರ್ ಮುಂದೆ ಕೂತು, ಮೌಸ್ ಅಲ್ಲಾಡಿಸುವುದು.

ಆತ ತಿಪ್ಪಸಂದ್ರದಲ್ಲಿ ರಾಗಿ ಬೆಳೆಯುವವನು. "ಬಾವ, ಇದ್ನ ಎಷ್ಟೊತ್ತು ಅಲ್ಲಾಡಿಸ್ಬೇಕು?" ಅಂದ.

"ಅವ್ರು ಹೋಗೋ ಗಂಟ" ಅಂದೆ.

ಅವರು ಅಂದರೆ ಆಡಿಟ್‌ನವರು. ನನ್ನದು ಬಿಡದಿಯಲ್ಲಿ ಮರದ ಪೆಟ್ಟಿಗೆ ಹೊಡೆಯುವ ಶೆಡ್ಡು. ಸುತ್ತಮುತ್ತ ಫ್ಯಾಕ್ಟರಿಗಳು ಎದ್ದ ಮೇಲೆ ಅವುಗಳ ಬಿಡಿಭಾಗಗಳನ್ನು ತುಂಬಲು ಪೆಟ್ಟಿಗೆ ಬೇಕಲ್ಲ, ಅದು ನಮ್ಮ ಅನ್ನ. ಈಗ ಒಂದು ದೊಡ್ಡ ಕಂಪನಿ ತನ್ನ ಪೆಟ್ಟಿಗೆಗಳನ್ನೆಲ್ಲ ನಮ್ಮಲ್ಲೇ ಮಾಡಿಸುವ ಮನಸ್ಸು ಮಾಡಿತ್ತು. ಆದರೆ ಮೊದಲು ಅವರ ಕಡೆಯವರು ಬಂದು ಶೆಡ್ಡು, ಕಾಗದಪತ್ರ ಎಲ್ಲ ನೋಡುವ ಆಡಿಟ್ ಪಾಸಾಗಬೇಕು. ಫೇಲಾದರೆ? ನಮ್ಮ ಆರು ಜನ ಬಡಗಿಗಳು ಬೇರೆ ಗೇಟು ಹುಡುಕಿಕೊಳ್ಳಬೇಕು. ಹಳೆಯ ಆರ್ಡರುಗಳು ಅಷ್ಟು ಕಮ್ಮಿಯಾಗಿದ್ದವು.

ಹಾಗಾದರೆ ನಮಗೆ ನಿಜವಾದ ಕ್ಲರ್ಕ್ ಇರಲಿಲ್ಲವೆ? ಇದ್ದರು. ಕಣ್ಣಿಗೆ ಕಾಣುತ್ತಿರಲಿಲ್ಲ ಅಷ್ಟೆ.

ಆಕೆಯ ಹೆಸರು ಸವಿತಾ. ಚನ್ನಪಟ್ಟಣದ ಹತ್ತಿರದ ಬೈರಾಪಟ್ಟಣದವರು. ಬಿ.ಕಾಂ. ಓದಿ, ಮದುವೆಗೆ ಮುಂಚೆ ಆಫೀಸೊಂದರಲ್ಲಿ ದುಡಿದು, ಈಗ ಮನೆಯಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಇಟ್ಟುಕೊಂಡು ಮೂರು ನಾಲ್ಕು ಜನರ ಪತ್ರವ್ಯವಹಾರ ನೋಡಿಕೊಳ್ಳುತ್ತಾರೆ. ಚನ್ನಪಟ್ಟಣದಲ್ಲಿ ಬೊಂಬೆ ವ್ಯಾಪಾರ ಮಾಡುವ ಗೆಳೆಯ ಆಕೆಯ ನಂಬರ್ ಕೊಟ್ಟಿದ್ದ. ಒಂದೇ ಕರಾರು: ಹಸು ಕರೆದು ಡೇರಿಗೆ ಹಾಲು ಹಾಕುವ ಹೊತ್ತಿನಲ್ಲಿ ಯಾರೂ ಫೋನ್ ಮಾಡಕೂಡದು. (ನನ್ನ ಹೆಂಡತಿ ಕೂಡ ನನಗೆ ಇಷ್ಟು ಸ್ಪಷ್ಟವಾಗಿ ಟೈಮ್ ಟೇಬಲ್ ಹೇಳಿದ್ದಿಲ್ಲ.)

ಒಂದು ವರ್ಷದಿಂದ ಎಲ್ಲ ಸುಸೂತ್ರ. ಆಕೆ ಇ-ಮೇಲ್‌ನಲ್ಲಿ ಕಾಗದ ಕಳಿಸುತ್ತಾರೆ, ನಾನು ಪ್ರಿಂಟ್ ತೆಗೆದು ಸೈನ್ ಹಾಕುತ್ತೇನೆ. ಆಮೇಲೆ ಫೋನ್ ಬರುತ್ತದೆ. "ಇದ್ನ ಮೂರ್ನೇ ಫೈಲ್‌ಗಾಕಿ ಸಾ." ಹಾಕುತ್ತೇನೆ. "ಪಂಚ್ ಮಾಡಿ ಹಾಕಿದ್ರಾ?" ತೆಗೆದು, ಪಂಚ್ ಮಾಡಿ, ಮತ್ತೆ ಹಾಕುತ್ತೇನೆ.

ಆದರೂ ಆಡಿಟ್ ಅಂದ ಕೂಡಲೇ ಕೈಕಾಲು ಆಡಲಿಲ್ಲ. ಕುರ್ಚಿಯಲ್ಲಿ ಜನ ಇಲ್ಲದಿದ್ದರೆ ಅದು ಆಫೀಸು ಹೇಗಾದೀತು? ನಾವು ಬೆಳೆದದ್ದೇ ಹಾಗೆ. ಕುರ್ಚಿಯ ಬೆನ್ನಿಗೊಂದು ಟವೆಲ್ ನೇತಾಡುತ್ತಿದ್ದರೂ ಸಾಕು, ಸಾಹೇಬರು ಡ್ಯೂಟಿ ಮೇಲಿದ್ದಾರೆ ಎಂದು ಬಾಗಿಲಲ್ಲಿ ಕೈಕಟ್ಟಿ ನಿಲ್ಲುವ ಜನ ನಾವು. ಅದಕ್ಕೇ ಒಂದು ದಿನದ ಮಟ್ಟಿಗೆ ಬಂದು ಕೂರಿ ಎಂದು ಸವಿತಾ ಅವರನ್ನು ಬೇಡಿಕೊಂಡೆ.

"ಒಂದಿನ ಬಂದ್ರೆ ದಿನಾ ಬಾ ಅಂತೀರ ಸಾ. ಇರೋದ್ನೇ ಯೋಳ್ಬುಡಿ, ಅದ್ರಲ್ಲೇನೈತೆ?"

ಇರುವುದನ್ನೇ ಹೇಳುವಷ್ಟು ಧೈರ್ಯ ನನಗಿದ್ದಿದ್ದರೆ ನಾನೇಕೆ ಬಿಸಿನೆಸ್‌ಗೆ ಬರುತ್ತಿದ್ದೆ? ನಾಗರಾಜನಿಗೆ ಶರ್ಟು ಇಸ್ತ್ರಿ ಮಾಡಿಸಿದೆ.

ಆಡಿಟ್‌ಗೆ ಬಂದವರು ನಡುವಯಸ್ಸಿನ, ಮಾತು ಕಮ್ಮಿಯ ಮನುಷ್ಯ. ಶೆಡ್ಡು ನೋಡಿದರು, ಮೊಳೆ ನೋಡಿದರು, ಕಾಫಿ ಬೇಡ ಅಂದರು. ಆಮೇಲೆ ಆಫೀಸಿಗೆ ಬಂದು ನೇರವಾಗಿ ನಾಗರಾಜನನ್ನೇ ಕೇಳಿದರು: "ಮರಕ್ಕೆ ಹುಳ ಹಿಡಿಯದ ಹಾಗೆ ಟ್ರೀಟ್‌ಮೆಂಟ್ ಮಾಡಿಸಿದ ಸರ್ಟಿಫಿಕೇಟ್ ಇದೆಯಲ್ಲ, ಅದನ್ನು ತೋರಿಸಿ. ಅದಿಲ್ಲದಿದ್ದರೆ ಮುಂದಕ್ಕೆ ಹೋಗಲ್ಲ."

ನಾಗರಾಜ ನನ್ನ ಮುಖ ನೋಡಿದ. ನಾನು ಬೀರು ನೋಡಿದೆ. ಅದರೊಳಗೆ ನನ್ನ ಕೈಯಾರೆ ಇಟ್ಟ ನಲವತ್ತು ಫೈಲುಗಳಿದ್ದವು. ಯಾವುದರಲ್ಲಿ ಏನಿದೆ ಎಂದು ದೇವರಾಣೆ ಗೊತ್ತಿರಲಿಲ್ಲ. ಒಂದು ತೆಗೆದೆ, ಇನ್ನೊಂದು ತೆಗೆದೆ.

ನಾಗರಾಜ ಮೌಸ್ ಬಿಡದೆ ಹೇಳಿದ: "ಬಾವ, ಸುಮ್ಕೆ ಯಾಕ್ ಒದ್ದಾಡ್ತೀರಾ? ಆ ಯಮ್ಮಂಗೇ ಫೋನ್ ಮಾಡ್ಬುಡಿ."

"ಯಾವಮ್ಮ?" ಅಂದರು ಆಡಿಟ್‌ನವರು.

ಮುಗಿಯಿತು. ನಾಚಿಕೆಯಿಂದ ನೆಲ ನೋಡುತ್ತಾ ಎಲ್ಲ ಒಪ್ಪಿಕೊಂಡೆ. ಅವರು ನಗಲಿಲ್ಲ, ಸಿಡುಕಲೂ ಇಲ್ಲ. ನಂಬರ್ ಒತ್ತಿಸಿ, ಸ್ಪೀಕರ್ ಹಾಕಿಸಿ, ತಾವೇ ಕೇಳಿದರು.

"ಹಸಿರು ಬೀರು ಸಾ" ಅಂದಿತು ಬೈರಾಪಟ್ಟಣ. "ಎರಡ್ನೇ ಅರೆ, ಎಡಗಡೆಯಿಂದ ಮೂರ್ನೇ ಫೈಲು. ಮೇಲೆ ನಮ್ ಸಾ ಅವ್ರ ಊಟದ ಡಬ್ಬಿ ಇರ್ತದೆ, ಒಸಿ ಎತ್ತಿಡಿ."

ಡಬ್ಬಿ ಇತ್ತು. ಎತ್ತಿಟ್ಟೆ. ಸರ್ಟಿಫಿಕೇಟೂ ಇತ್ತು, ಪಂಚ್ ಮಾಡಿದ್ದು.

ಆಮೇಲೆ ಅವರು ಇನ್ನೂ ಒಂಬತ್ತು ಕಾಗದ ಕೇಳಿದರು. ನಮ್ಮ ಶೆಡ್ಡಿನ ಹೊಸ್ತಿಲನ್ನೇ ಒಮ್ಮೆಯೂ ತುಳಿಯದ ಆ ಹೆಂಗಸು ಒಂಬತ್ತಕ್ಕೂ ಜಾಗ ಹೇಳಿದರು. ಹತ್ತು ವರ್ಷದಿಂದ ಇಲ್ಲೇ ಬೇರು ಬಿಟ್ಟ ನಾನು ಎತ್ತಿ ಎತ್ತಿ ಕೊಟ್ಟೆ. ಕೊನೆಗೆ ಆಕೆಯೇ, "ಆಯ್ತಾ ಸಾ? ಡೇರಿಗೆ ಹೊತ್ತಾಯ್ತದೆ" ಎಂದು ಫೋನ್ ಇಟ್ಟರು.

ಆಡಿಟ್ ಪಾಸಾಯಿತು. ಬಡಗಿಗಳು ಉಳಿದರು. ಆಡಿಟ್‌ನವರು ಫಾರಂನಲ್ಲಿ ಆಫೀಸ್ ಇನ್‌ಚಾರ್ಜ್ ಎಂಬಲ್ಲಿ ಸವಿತಾ, ಬೈರಾಪಟ್ಟಣ ಎಂದು ಬರೆದರು. ಆಮೇಲೆ ಪೆನ್ನು ಹಿಡಿದುಕೊಂಡೇ ನನ್ನತ್ತ ತಿರುಗಿ, ಬಹಳ ವಿನಯದಿಂದ ಕೇಳಿದರು: "ಇಲ್ಲಿ ನಿಮ್ಮ ಕೆಲಸ ಏನು ಸರ್?"

ನಿಮ್ಮಾಣೆ, ಸವಿತಾಗೇ ಫೋನ್ ಮಾಡಿ ಕೇಳೋಣ ಅನಿಸಿತು.