ಒಗ್ಗರಣೆಗೆ ಅತ್ತೆ ಬೈಯದ ದಿನ

ಕಳೆದ ತಿಂಗಳು ಒಂದು ದಿನ ನಾನು ಸಾರಿಗೆ ಒಗ್ಗರಣೆ ಹಾಕಿದೆ. ಅತ್ತೆ ಬೈಯಲಿಲ್ಲ.

ಇದರಲ್ಲಿ ಬರೆಯುವಂಥದ್ದು ಏನುಂಟು ಅಂತ ಕೇಳ್ತೀರಾ? ಸ್ವಲ್ಪ ತಡೆಯಿರಿ. ಆ ದಿನ ನಮ್ಮ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಒಳಗೆ ಅತ್ತೆ ಜ್ವರದಲ್ಲಿ ಮಲಗಿದ್ದರು, ಮೈಮೇಲೆಲ್ಲ ಕೆಂಪು ಕಲೆ. ಅಮ್ಮನವರು ಬಂದಿದ್ದಾರೆ, ಅಂದರೆ ಸಿಡುಬು, ಅಂತ ಅತ್ತೆಯೇ ತೀರ್ಮಾನ ಮಾಡಿ ಆಗಿತ್ತು. ಅಮ್ಮನವರು ಇರುವ ಮನೆಯಲ್ಲಿ ಸಾಸಿವೆ ಸಿಡಿಸಬಾರದು. ಹೊರಗಿನವರು ಒಳಗೆ ಕಾಲಿಡಬಾರದು. ಮದ್ದಿನ ಹೆಸರು ಎತ್ತಲೇಬಾರದು. ಎತ್ತಿದರೆ ಅಮ್ಮನವರು ಮುನಿಯುತ್ತಾರೆ.

ನಾನೋ, ಅಭ್ಯಾಸಬಲದಿಂದ ಕಾದ ಎಣ್ಣೆಗೆ ಸಾಸಿವೆ ಹಾಕಿಬಿಟ್ಟೆ. ಚಟಪಟ ಸದ್ದು ಮನೆಯಿಡೀ ಕೇಳಿತು. ಈಗ ಬಂತು ಬೈಗುಳ ಅಂತ ಸೌಟು ಹಿಡಿದು ನಿಂತೆ. ಬರಲಿಲ್ಲ.

ಬೆಳುವಾಯಿಯ ಈ ಮನೆಗೆ ನಾನು ಸೊಸೆಯಾಗಿ ಬಂದಂದಿನಿಂದ ಅತ್ತೆ ಉಪ್ಪು ಹೆಚ್ಚಾದರೆ ಬೈದಿದ್ದಾರೆ, ಕಡಿಮೆಯಾದರೆ ಬೈದಿದ್ದಾರೆ, ಸರಿಯಾಗಿದ್ದ ದಿನ "ಇವತ್ತು ಹೇಗೆ ಸರಿಯಾಯ್ತು?" ಅಂತ ಬೈದಿದ್ದಾರೆ. ಅಂಥವರು ಸುಮ್ಮನಿದ್ದಾರೆ ಅಂದರೆ? ಓಡಿಹೋಗಿ "ಮಾಮಿ" ಅಂತ ಕರೆದೆ (ನಮ್ಮ ತುಳುವಿನಲ್ಲಿ ಅತ್ತೆಯನ್ನು ಕರೆಯುವುದು ಹಾಗೆ). ಓಗೊಡಲಿಲ್ಲ. ಹಣೆ ಮುಟ್ಟಿದರೆ ಕಾದ ಕಾವಲಿ.

ನಮ್ಮವರನ್ನು ಅಂಗಳಕ್ಕೆ ಕರೆದು, ಈಗಲೇ ಹೋಗಿ ಡಾಕ್ಟರನ್ನು ಕರೆದುಕೊಂಡು ಬನ್ನಿ ಅಂದೆ. ಅವರು ಮೂಡುಬಿದಿರೆ ಪೇಟೆಯಲ್ಲಿ ಹೋಟೆಲು ಇಟ್ಟವರು. ಗಿರಾಕಿಗಳ ಮುಂದೆ ಹುಲಿ, ಹೆತ್ತ ತಾಯಿಯ ಮುಂದೆ ಬೆಕ್ಕಿನ ಮರಿ.

"ಗುಣ ಆದ ಮೇಲೆ ಅವರು ನನ್ನನ್ನು ಬಿಡ್ಲಿಕ್ಕಿಲ್ಲ ಮಾರಾಯ್ತಿ" ಅಂದರು.

"ಗುಣ ಆದರೆ ತಾನೇ ಬೈಯುವುದು? ಬೈಯಲಿ. ಇಬ್ಬರೂ ಕೂತು ಕೇಳುವ" ಅಂದೆ.

ಈ ಮಾತು ನಾಟಿತು. ಬಸ್ಸಿಗೂ ಕಾಯದೆ ಸೈಕಲ್ ಹತ್ತಿದರು. (ಮದುವೆಯಾದ ಮೇಲೆ ನಮ್ಮವರು ಇಷ್ಟು ಜೋರಾಗಿ ಎಲ್ಲಿಗೂ ಹೋದದ್ದು ನಾನು ಕಂಡಿಲ್ಲ.)

ಬಂದವರು ಎಳೆ ವಯಸ್ಸಿನ ಡಾಕ್ಟರು. ಚಪ್ಪಲಿ ಹೊರಗೆ ಬಿಟ್ಟು, ಬೇವಿನ ಸೊಪ್ಪನ್ನು ಮೆಲ್ಲ ಸರಿಸಿ ಒಳಗೆ ಬಂದರು. ಅಂಗಳದಾಚೆ ನೆರೆಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನೋಡುತ್ತಿದ್ದರು. ಡಾಕ್ಟರು ಅತ್ತೆಯ ಮುಖ ನೋಡಲಿಲ್ಲ. ಅಂಗೈ ಬಿಡಿಸಿ ನೋಡಿದರು. ಅಂಗಾಲು ನೋಡಿದರು. ಕಲೆಗಳ ಮೇಲೆ ಬೆರಳಾಡಿಸಿದರು.

"ಸಿಡುಬಾದರೆ ಇಷ್ಟು ಹೊತ್ತಿಗೆ ನೀರು ತುಂಬಿ ಗುಳ್ಳೆ ಏಳಬೇಕಿತ್ತು. ಇದರಲ್ಲಿ ನೀರೇ ಇಲ್ಲ. ಮನೆಯಲ್ಲಿ ದನ ಉಂಟಾ?"

ದನವಾ? ಮನುಷ್ಯರ ಜ್ವರಕ್ಕೂ ದನಕ್ಕೂ ಏನು ಸಂಬಂಧ? ಉಂಟು ಅಂದೆ.

"ಉಣ್ಣಿ ಹೆಕ್ಕುವುದು ಯಾರು?"

ಇನ್ಯಾರು? ಮಧ್ಯಾಹ್ನದ ಊಟವಾದ ಕೂಡಲೇ ಅತ್ತೆ ಹಟ್ಟಿಗೆ ಹೋಗಿ ದನದ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಾರೆ. ಕಿವಿಯೊಳಗಿನಿಂದ, ಕೆಚ್ಚಲಿನ ಸಂದಿನಿಂದ ಒಂದೊಂದೇ ಉಣ್ಣಿ ಹೆಕ್ಕಿ, ಎರಡು ಹೆಬ್ಬೆರಳ ಉಗುರಿನ ನಡುವೆ ಇಟ್ಟು ಚಟ್ ಅನ್ನಿಸುತ್ತಾರೆ. ಬೇರೆಯವರಿಗೆ ರೇಡಿಯೋ ಹೇಗೋ ಅತ್ತೆಗೆ ಆ ಸದ್ದು ಹಾಗೆ. ನಡುವೆ ತಲೆ ತುರಿಸಿದರೆ ಅದೇ ಬೆರಳಲ್ಲಿ ಕೆರೆದುಕೊಳ್ಳುತ್ತಾರೆ. ನಾನು ಇದನ್ನೆಲ್ಲ ಹೇಳುತ್ತಾ ಹೋದ ಹಾಗೆ ಡಾಕ್ಟರ ಸ್ವರ ಏರಿತು.

"ತಲೆಕೂದಲು ಬಿಡಿಸಿ. ಕಿವಿಯ ಹಿಂದೆ ನೋಡುವ."

ಬಿಡಿಸಿದೆ. ಬಲಗಿವಿಯ ಹಿಂದೆ, ಕೂದಲ ಬುಡದಲ್ಲಿ, ಬೀಡಿಯ ಕಿಡಿ ತಾಗಿದ ಹಾಗೆ ಕಪ್ಪು ಹಕ್ಕಳೆ. ಸುತ್ತ ಕೆಂಪು. ಅತ್ತೆಯ ತಲೆಗೆ ಎಣ್ಣೆ ಹಚ್ಚುವವಳು ನಾನೇ, ಆದರೂ ಜ್ವರ ಬಂದ ಮೇಲೆ ಎಣ್ಣೆಯೂ ನಿಷಿದ್ಧ ಅಂತ ಯಾರೂ ಆ ಕಡೆ ಕೈ ಹಾಕಿರಲಿಲ್ಲ.

"ಉಣ್ಣಿ ಕಚ್ಚಿದ್ದು ಇಲ್ಲಿ. ಇದು ಉಣ್ಣಿಯ ಜ್ವರ" ಅಂದರು ಡಾಕ್ಟರು.

ಶಿವಮೊಗ್ಗದ ಕಾಡಿನ ಕಡೆ ಮಂಗಗಳು ಸತ್ತು, ಉಣ್ಣಿಯಿಂದ ಜನರಿಗೂ ಜ್ವರ ಹತ್ತಿದ ಸುದ್ದಿ ಪೇಪರಿನಲ್ಲಿ ಓದಿದ್ದೆ. ಅದೇಯಾ ಅಂತ ಕೇಳಿದೆ.

"ಅದಲ್ಲ. ಅದು ಬೇರೆ. ಅದಕ್ಕೆ ಮದ್ದಿಲ್ಲ, ಇದಕ್ಕೆ ಉಂಟು. ಆದರೆ ಇವತ್ತೇ ಶುರು ಮಾಡಬೇಕು. ತಡ ಮಾಡಿದರೆ ಜೀವಕ್ಕೆ ಅಪಾಯ."

ಮದ್ದುಂಟು! ನನಗೆ ಕುಣಿಯುವಷ್ಟು ಸಂತೋಷ. ನೀರು ತಂದೆ, ಡಾಕ್ಟರು ಕೊಟ್ಟ ಮಾತ್ರೆ ಹಿಡಿದೆ, ಅತ್ತೆಯ ತಲೆ ಎತ್ತಿ ಹಿಡಿದೆ. ಅತ್ತೆ ತುಟಿ ಬಿಗಿದುಕೊಂಡರು. ಅಷ್ಟು ಹೊತ್ತು ಪ್ರಜ್ಞೆ ಇಲ್ಲ ಅಂದುಕೊಂಡಿದ್ದರೆ ಎಲ್ಲ ಕೇಳಿಸಿಕೊಂಡಿದ್ದಾರೆ.

"ಬೇಡ. ಅಮ್ಮನವರು ಮುನಿಯುತ್ತಾರೆ" ಅಂದರು, ಗಾಳಿಯಂಥ ಸ್ವರದಲ್ಲಿ.

ನಮ್ಮವರು ಕೈಹಿಡಿದು ಬೇಡಿದರು. ನಾನು ಕಣ್ಣೀರು ಹಾಕಿದೆ. ಊಹೂಂ. ಡಾಕ್ಟರು ಮಾತ್ರ ಚಾಪೆಯ ಪಕ್ಕ ನೆಲದಲ್ಲೇ ಕೂತರು.

"ನೋಡಿ ಅಮ್ಮಾ, ಅಮ್ಮನವರೇ ಬಂದಿದ್ದರೆ ಈ ಮಾತ್ರೆ ಅವರನ್ನು ಏನೂ ಮಾಡ್ಲಿಕ್ಕಿಲ್ಲ. ಉಣ್ಣಿಯ ಜ್ವರವಾದರೆ ಮಾತ್ರ ಬಿಡಿಸ್ತದೆ. ದೇವರಿಗೆ ನಾಟುವ ಮದ್ದು ನನ್ನ ಹತ್ತಿರ ಇಲ್ಲ."

ಅತ್ತೆ ಯೋಚಿಸಿದರು. ಆಮೇಲೆ ನಿಜವಾದ ಸಂಕಟ ಹೊರಬಂತು.

"ಊರವರೆಲ್ಲ ಅಂಗಳದ ಹೊರಗಿಂದ ಕೈಮುಗಿದು ಹೋಗ್ತಿದ್ದಾರೆ. ಎಳನೀರಿನ ಬೊಂಡ ತಂದಿಡ್ತಾರೆ. ಈಗ ದನದ ಉಣ್ಣಿ ಕಚ್ಚಿದ್ದು ಅಂತ ಹೇಗೆ ಹೇಳುವುದು?"

ಹೇಳಿ, ನಗುವುದಾ ಅಳುವುದಾ? ಪ್ರಾಣ ಹೋಗುವ ಹೊತ್ತಿನಲ್ಲೂ ನಮಗೆ ಊರವರು ಏನಂದಾರು ಅನ್ನುವ ಚಿಂತೆ. ನಮ್ಮಲ್ಲಿ ಕಾಯಿಲೆಗೂ ಮಾನ ಮರ್ಯಾದೆ ಬೇಕು. ಕ್ಷಯ ಅಂತ ಹೇಳುವುದಿಲ್ಲ, ಕೆಮ್ಮು ಅನ್ನುತ್ತೇವೆ. ಕಜ್ಜಿ ಅಂತ ಹೇಳುವುದಿಲ್ಲ, ಮೈ ಉಷ್ಣ ಅನ್ನುತ್ತೇವೆ.

"ಉಣ್ಣಿ ಅನ್ನಬೇಡಿ. ಟಿಕ್ ಟೈಫಸ್ ಅನ್ನಿ. ಈ ಊರಲ್ಲಿ ಅದು ಬೇರೆ ಯಾರಿಗೂ ಬಂದದ್ದು ನಾನು ಕಾಣೆ" ಅಂದರು ಡಾಕ್ಟರು.

"ಬೇರೆ ಯಾರಿಗೂ?"

"ಯಾರಿಗೂ."

ಅತ್ತೆ ಬಾಯಿ ತೆರೆದರು. ನಾನು ಮಾತ್ರೆ ಹಾಕಿ ನೀರು ಕುಡಿಸಿದೆ. ಅದಾದ ಮೇಲೆ ಹೊತ್ತುಹೊತ್ತಿಗೆ ಮಾತ್ರೆ, ಗಂಜಿ, ಒದ್ದೆಬಟ್ಟೆ. ಜ್ವರ ಇಳಿಯುತ್ತಾ ಬಂತು. ಒಂದು ಬೆಳಿಗ್ಗೆ "ಈ ಗಂಜಿಗೆ ಉಪ್ಪು ಹಾಕಿದವರು ಯಾರು? ಸಮುದ್ರದಿಂದ ಮೊಗೆದು ತಂದದ್ದಾ?" ಅಂತ ಒಳಗಿನಿಂದ ಕೇಳಿತು. ನಾನು ಮತ್ತು ನಮ್ಮವರು ಜಗಲಿಯಲ್ಲಿ ಕೂತು ಪೂರ್ತಿ ಕೇಳಿದೆವು. ಅಷ್ಟು ಇಂಪಾದ ಬೈಗುಳವನ್ನು ನಾನು ಜನ್ಮದಲ್ಲಿ ಕೇಳಿಲ್ಲ.

ಗುಣವಾಯಿತು ಅಂದ ಮಾತ್ರಕ್ಕೆ ಮುಗಿಯಲಿಲ್ಲ, ಗಂಟುನೋವು ಇನ್ನೂ ಉಂಟು, ಮೆಟ್ಟಲು ಹತ್ತಿದರೆ ಏದುಸಿರು. ಹಟ್ಟಿಯಲ್ಲಿ ಹೊಸ ಕಾನೂನು ಬಂದಿದೆ. ಉಣ್ಣಿಯನ್ನು ಉಗುರಲ್ಲಿ ಒಡೆಯುವ ಹಾಗಿಲ್ಲ, ಕಡ್ಡಿಯಲ್ಲಿ ಹಿಡಿದು ಸೀಮೆಎಣ್ಣೆಯ ಡಬ್ಬಿಗೆ ಹಾಕಬೇಕು, ಸಾಬೂನಿನಲ್ಲಿ ಕೈ ತೊಳೆಯಬೇಕು. ತಪ್ಪಿದರೆ ಅತ್ತೆ ಬಿಡುವುದಿಲ್ಲ. ಬಂದವರಿಗೆಲ್ಲ ಕಿವಿ ಮಡಚಿ ಕಲೆ ತೋರಿಸಿ "ಟಿಕ್ಕು ಟೈಪಸ್ಸು" ಅನ್ನುತ್ತಾರೆ. ಬಂದವರು ಬಾಯಿಬಿಟ್ಟು ನೋಡುತ್ತಾರೆ.

ಮೊನ್ನೆ ಅತ್ತೆಯ ತವರು ಪುಂಜಾಲಕಟ್ಟೆಯಿಂದ ಸುದ್ದಿ ಬಂತು, ತಮ್ಮನ ಸೊಸೆಗೆ ಜ್ವರ, ಮೈಮೇಲೆ ಎದ್ದಿದೆ, ಬೇವು ಕಟ್ಟಿದ್ದಾರೆ ಅಂತ. ಅತ್ತೆ ಆ ಕ್ಷಣವೇ ಹೊರಟರು. ಬೇಡ ಅಂದರೆ ಕೇಳುವ ಜೀವವಾ? ನಾನೂ ಹೊರಟೆ. ಎರಡು ಬಸ್ಸು ಬದಲಿಸಿ ಹೋದೆವು.

ನನ್ನನ್ನು ಜಗಲಿಯಲ್ಲೇ ನಿಲ್ಲಿಸಿ ಅತ್ತೆ ಸೀದಾ ಒಳಗೆ ನುಗ್ಗಿದರು. ಬಾಗಿಲಿಂದ ಕಾಣುತ್ತಿತ್ತು. ಹುಡುಗಿಯ ಅಂಗೈ ಬಿಡಿಸಿದರು, ಅಂಗಾಲು ನೋಡಿದರು, ಕಿವಿಯ ಹಿಂದೆ ಕೂದಲು ಸರಿಸಿದರು. ಹಕ್ಕಳೆ ಇಲ್ಲ. ಮೈತುಂಬ ನೀರು ತುಂಬಿದ ಗುಳ್ಳೆ.

"ಇದು ಅಮ್ಮನವರೇ" ಅಂದರು ಅತ್ತೆ.

ನಾವು ಹೇಳಲಿಲ್ಲವಾ ಅಂತ ಎಲ್ಲರೂ ತಲೆಯಾಡಿಸಿದರು.

"ಡಾಕ್ಟರನ್ನು ಕರೆಸು" ಅಂದರು ತಮ್ಮನಿಗೆ.

"ಅಕ್ಕಾ, ಅಮ್ಮನವರು ಅಂತ ನೀವೇ ಹೇಳಿದಿರಿ. ಡಾಕ್ಟರು ಬಂದರೆ ಮುನಿಯುವುದಿಲ್ಲವಾ?"

ಅತ್ತೆ ಹುಡುಗಿಯ ಹಣೆಯ ಮೇಲೆ ಕೈಯಿಟ್ಟುಕೊಂಡೇ ತಮ್ಮನನ್ನು ಮೇಲಿಂದ ಕೆಳಗೆ ನೋಡಿದರು.

"ಮನೆಯ ಹೆಣ್ಣುಮಗುವನ್ನು ಉಳಿಸ್ಲಿಕ್ಕೆ ಒಬ್ಬರು ಒಳಗೆ ಬಂದರೆ ಮುನಿಯುವಷ್ಟು ಸಣ್ಣ ಮನಸ್ಸಾ ನಮ್ಮ ಅಮ್ಮನವರದ್ದು?"