ತಂಗಿಯ ಕಾಲಿನೊಳಗಿನ ಕಂಬಿ

ಪ್ಯಾಂಟು ಜಾರದಂತೆ ಲಾಡಿ ಕಟ್ಟಿಕೊಂಡು ಕಚೇರಿಗೆ ಹೋಗುವ ಆಸಾಮಿ ಅವನೊಬ್ಬನೇ ಇರಬೇಕು. "ನಿಮ್ಮನ್ನ ನೋಡಿದೋರು ನನ್ನನ್ನ ಅಯ್ಯೋ ಪಾಪ ಅಂತಾರೆ," ಎಂದು ಹೆಂಡತಿ ಮೂಗು ಮುರಿಯುತ್ತಿದ್ದಳು. ಅವನೇನು ಮಾಡಿಯಾನು? ಕೆಲಸವೇ ಅಂಥದ್ದು. ಕೋಲಿನ ತುದಿಗೆ ಕಟ್ಟಿದ ಮ್ಯಾಗ್ನೆಟೋಮೀಟರ್ ಹೊತ್ತು, ಕಲ್ಲುಮುಳ್ಳೆನ್ನದೆ ನೇರ ನಡೆಯಬೇಕು. ಅಲ್ಲಲ್ಲಿ ನಿಂತು ನೆಲದಡಿಯ ಬಂಡೆಯ ಕಾಂತಶಕ್ತಿ ಓದಿಕೊಳ್ಳಬೇಕು. ಹಿಂದೆಯೇ ಇನ್ನೊಂದು ತಂಡ ಗುರುತ್ವದ ಪೆಟ್ಟಿಗೆ ಇಟ್ಟು, ಎಲ್ಲಿ ಬಂಡೆ ಭಾರ, ಎಲ್ಲಿ ಹಗುರ ಎಂದು ನೋಡುತ್ತದೆ. ಎರಡನ್ನೂ ಸೇರಿಸಿದರೆ ಅಗೆಯದೆಯೇ ಪಾತಾಳದ ನಕ್ಷೆ. ಆದರೆ ಮೈಮೇಲೆ ಬೆಲ್ಟಿನ ಬಕಲ್ಲಿನಷ್ಟು ಚೂರು ಕಬ್ಬಿಣವಿದ್ದರೂ ಎಲ್ಲ ಎಡವಟ್ಟು. ಅದಕ್ಕೇ ಹೊಸ ಬೂಟಾಗಲಿ, ಟೋಪಿಯಾಗಲಿ, ಮೊದಲು ಯಂತ್ರದ ಹತ್ತಿರ ಹಿಡಿದು, ಅಂಕಿ ಅಲುಗುವುದೇ ಎಂದು ನೋಡಿಯೇ ಅವನು ಒಪ್ಪುತ್ತಿದ್ದ.

ಅವನೊಂದಿಗೆ ಸರದಿಯಲ್ಲಿ ಕೋಲು ಹೊರುತ್ತಿದ್ದವಳು ಒಡಹುಟ್ಟಿದ ತಂಗಿ. ಅವಳ ನಡಿಗೆಯೋ! ಹಳ್ಳ ಬರಲಿ, ದಿಬ್ಬ ಬರಲಿ, ಗೆರೆ ಬಿಟ್ಟು ಜರುಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿದರೆ ಮಾತ್ರ ಚಡಪಡಿಸುತ್ತಿದ್ದಳು.

ಒಮ್ಮೆ ಜೀಪು ಮಗುಚಿ ಅವಳ ತೊಡೆಯ ಮೂಳೆ ಮುರಿಯಿತು. ಡಾಕ್ಟರು ಒಳಗೆ ಕಂಬಿ ಹಾಕಿ ಕೂಡಿಸಿದರು. ಊರುಗೋಲು ಬಿಟ್ಟದ್ದೇ ತಡ, ಅವಳು ಕಚೇರಿಗೆ ಬಂದಳು.

"ನಾಳೆಯಿಂದ ಬರ್ತೀನಣ್ಣ."

"ಕಾಲೊಳಗೆ ಕಬ್ಬಿಣ ಇಟ್ಕೊಂಡು ಎಲ್ಲಿಗಮ್ಮಾ ಬರ್ತೀಯ?" ಅವನು ನಕ್ಕುಬಿಟ್ಟ. "ನೀನೀಗ ನಡೆದಾಡೋ ಅಯಸ್ಕಾಂತ!"

ತಂಡದವರೂ ನಕ್ಕರು. ಅವಳೂ ನಕ್ಕಳು, ಪಾಪ. ನಕ್ಷೆಗಳನ್ನು ಸುತ್ತಿಡುವ ಕೆಲಸ ಕೊಡಿಸಿ, ಮಹಾ ಉಪಕಾರ ಮಾಡಿದೆನೆಂದು ಅವನು ಬೀಗಿದ. ಕಿಟಕಿಯಿಲ್ಲದ ಆ ಕೋಣೆಯಲ್ಲಿ, ತಾನು ನಡೆದ ಗೆರೆಗಳನ್ನೇ ಸುರುಳಿ ಸುತ್ತುತ್ತ ಅವಳು ವರ್ಷಗಟ್ಟಲೆ ಕೂತಳು. ಅವನು ದಿನವೂ ಅದೇ ಬಾಗಿಲ ಮುಂದೆ ಹಾದು ಹೋಗುತ್ತಿದ್ದ.

ಈಚೆಗೆ ತಂಡಕ್ಕೆ ಹೊಸ ಎಂಜಿನಿಯರಮ್ಮ ಬಂದಳು. "ನನ್ನ ಮೊಣಕೈಯಲ್ಲಿ ಉಕ್ಕಿನ ಪಟ್ಟಿ ಇದೆ ಸಾರ್, ನೋಡ್ಬಿಡೋಣ," ಎಂದವಳೇ ಯಂತ್ರದ ಪಕ್ಕ ಕೈ ಚಾಚಿದಳು. ಅಂಕಿ ಮಿಸುಕಲಿಲ್ಲ. "ಮೂಳೆಗೆ ಹಾಕೋ ಉಕ್ಕು ಬೇರೆ ಥರ ಸಾರ್. ಅಯಸ್ಕಾಂತಕ್ಕೆ ಅಂಟಲ್ಲ."

ಬೂಟಿನ ಮೊಳೆಯನ್ನೂ ಬಿಡದೆ ಪರೀಕ್ಷಿಸಿದ ಮಹಾಶಯ, ತಂಗಿಯನ್ನು ಒಂದು ಗಳಿಗೆ ಯಂತ್ರದ ಹತ್ತಿರ ನಿಲ್ಲಿಸಿ ನೋಡಿರಲಿಲ್ಲ! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದು ಅವನು ತನ್ನನ್ನು ತಾನೇ ಶಪಿಸಿಕೊಂಡ.

ಸಂಜೆ ಅವಳ ಮನೆಗೆ ಹೋಗಿ, ಚಪ್ಪಲಿ ಬಿಡುವ ಮುಂಚೆಯೇ ಹೇಳಿದ: "ತಪ್ಪಾಯ್ತು ಕಣೇ. ನಿನ್ನ ಕಂಬಿಯಿಂದ ಏನೂ ಕೆಡ್ತಿರಲಿಲ್ಲ."

ನಡುಮನೆಯಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದ ತಂಗಿ ತಲೆಯೆತ್ತಲಿಲ್ಲ. "ಗೊತ್ತು. ಡಾಕ್ಟ್ರು ಆವಾಗ್ಲೇ ಹೇಳಿದ್ರು."

"ಮತ್ತೆ ಬಾಯಿ ಬಿಡೋಕೇನಾಗಿತ್ತು ನಿಂಗೆ?"

"ಅಷ್ಟು ಜನರ ಮುಂದೆ ನಕ್ಬಿಟ್ಟೆಯಲ್ಲ. ನೀನಾಗಿಯೇ ಒಂದ್ಸಲ ಕರೆದು ನೋಡ್ತೀಯ ಅಂತ ಕಾದೆ."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. "ನಾಳೆ ಬಾರೇ. ಕೋಲು ನಿನ್ನ ಕೈಗೇ ಕೊಡ್ತೀನಿ."

ಅವಳು ಗೋಡೆ ಹಿಡಿದು ಮೆಲ್ಲಗೆ ಎದ್ದಳು. ಕೂತೂ ಕೂತೂ ಮಂಡಿ ಹಿಡಿದುಕೊಂಡಿತ್ತು. ಅಡುಗೆಮನೆಯ ಬಾಗಿಲು ಮುಟ್ಟುವಷ್ಟರಲ್ಲಿ ಎರಡು ಸಲ ನಿಂತಳು.

"ಆವಾಗ ಕರೆದಿದ್ರೆ ನಡೀತಿದ್ದೆ ಅಣ್ಣ," ಎಂದಳು.